ನೀನು ಕನ್ನಡದಲ್ಲಿ ಆಡಿದ ಒಂದೇ ಮಾತು

ನನ್ನ ತಮ್ಮನ ಹೆಂಡತಿಯಾಗಿ ಬಂದು, ನನಗಿಂತ ಮೊದಲೇ ಹೊರಟುಬಿಟ್ಟ ಸೆಲ್ವಿಗೆ,

ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಹನ್ನೊಂದು ವರ್ಷ ನಿನ್ನೊಡನೆ ತಮಿಳಿನಲ್ಲೇ ಮಾತಾಡಿದವಳು ನಾನು. ನಿನಗೆ ತಿಳಿಯಬಾರದ್ದು ಏನಾದರೂ ಇದ್ದರೆ ಮಾತ್ರ ಅಮ್ಮನೂ ನಾನೂ ಮನೆಮಾತಿಗೆ ತಿರುಗುತ್ತಿದ್ದೆವು. ತಮಿಳುನಾಡಿನ ಈ ಕೊಂಬೈಯಲ್ಲಿ ಮನೆಯೊಳಗೆ ಕನ್ನಡ ಆಡುವ ನಮ್ಮವರೆಲ್ಲ ಮಾಡುವುದು ಅದನ್ನೇ. ಪೊಲೀಸು ಬರಲಿ, ದ್ರಾಕ್ಷಿ ವ್ಯಾಪಾರಿ ಬರಲಿ, ತಮಿಳಿನ ಸೊಸೆ ಎದುರಿಗಿರಲಿ, ಮುಚ್ಚಿಡಬೇಕಾದ ಮಾತಿಗೆ ಕನ್ನಡ. ನೀನು ತಲೆ ತಗ್ಗಿಸಿ ಬಡಿಸುತ್ತಿದ್ದೆ. ನಾವು ನಿನ್ನ ಸಾರಿನ ಉಪ್ಪಿನಿಂದ ಹಿಡಿದು ನಿನ್ನ ತವರಿನವರೆಗೂ ಆಡಿಕೊಳ್ಳುತ್ತಿದ್ದೆವು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದವಳಿಗೆ ಆ ಮನೆಯ ಮಾತು ತಿಳಿಯದೇ ಇರುತ್ತದೆಯೇ? ನಮಗದು ಹೊಳೆಯಲೇ ಇಲ್ಲ ನೋಡು. ಅಂಥ ಬುದ್ಧಿವಂತರು ನಾವು.

ನನ್ನ ತಮ್ಮ ರಂಗನನ್ನು ತೇನಿಯ ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸುತ್ತೇನೆಂದು ನೀನು ಹೇಳಿದ ಬೆಳಿಗ್ಗೆ ನೆನಪಿದೆಯಾ? ಅವನು ಗಾಂಜಾ ಸೇದುವುದು, ತೋಟಕ್ಕೆ ಹೋಗದೆ ಬಿದ್ದಿರುವುದು, ಮಗಳ ಮೇಲೆ ತಟ್ಟೆ ಎಸೆದದ್ದು, ಎಲ್ಲವನ್ನೂ ನಾವು ‘ಗಂಡಸಲ್ಲವೇ’ ಎಂದು ನುಂಗಿಕೊಂಡಿದ್ದೆವು. ಅದು ಕಾಯಿಲೆ ಎಂದು ಆ ಮನೆಯಲ್ಲಿ ಮೊದಲು ಹೇಳಿದವಳು ನೀನು. ಅಮ್ಮ ನಿನ್ನೆದುರೇ ಕನ್ನಡದಲ್ಲಿ, “ಬೀದೀಗ್ ತಂದ್ಲು ನಮ್ ಮಾನಾನ” ಅಂದಳು. ಗಂಡ ಸತ್ತು ತವರು ಸೇರಿದ್ದ ನಾನು ಹೂಂಗುಟ್ಟಿದೆ. ಇದ್ದ ನೆರಳೂ ಹೋದೀತು ಎಂಬ ಭಯ ನನಗೆ. ನೀನು ಚೀಲ ತೆಗೆದುಕೊಂಡು ಅವನ ಕೈ ಹಿಡಿದು ಬಸ್ಸು ಹತ್ತಿದೆ.

ಆ ಮೂರನೆಯ ಭಾನುವಾರ. ಭೇಟಿಯ ಕೋಣೆಯಲ್ಲಿ ನೀನು ಅವನ ಬಲಕ್ಕೆ, ನಾನು ಎಡಕ್ಕೆ. ಕೇಂದ್ರದವರು ಬಾಗಿಲಲ್ಲೇ ನಿಂತಿದ್ದರು. ಅವನು ನಗುನಗುತ್ತಲೇ, ಊರಿನ ಸುದ್ದಿ ಕೇಳುವವನ ಹಾಗೆ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: “ಅಕ್ಕೋ, ಒಂದೇ ಒಂದು ಪೊಟ್ಲ ತಂದುಕೊಡು. ಇಲ್ಲಾಂದ್ರ ಸತ್ತೋಯ್ತೀನಿ.” ನಾನೂ ನಕ್ಕೆ. ನೀನು ಟಿಫಿನ್ ಕ್ಯಾರಿಯರಿನ ಮುಚ್ಚಳ ತೆಗೆಯುತ್ತಿದ್ದೆ. ಮುಂದಿನ ಭಾನುವಾರ ಅವನ ಗೆಳೆಯ ಕೊಟ್ಟ ಗಾಂಜಾ ಪೊಟ್ಟಣವನ್ನು ಅದೇ ಕ್ಯಾರಿಯರಿನಲ್ಲಿ ಇಟ್ಟವಳು ನಾನು. ಪ್ರೀತಿ ಎಂದುಕೊಂಡೆ, ಸೆಲ್ವಿ. ಹೆತ್ತವಳಷ್ಟೇ ಪ್ರೀತಿಯಿಂದ ಎತ್ತಿ ಆಡಿಸಿದ ತಮ್ಮ ಬೇಡುತ್ತಿದ್ದಾನಲ್ಲ ಎಂದು... ಅಷ್ಟೇ ಯೋಚಿಸಿದ್ದು ನಾನು.

ಪೊಟ್ಟಣ ಸಿಕ್ಕಿಬಿದ್ದಾಗ ಕ್ಯಾರಿಯರ್ ಯಾರದೆಂದು ಕೇಳಿದರು. ನಿನ್ನದು. ರಂಗನನ್ನು ಕೇಂದ್ರದಿಂದಲೇ ಹೊರಗೆ ಕಳಿಸಿದರು, ನಿನ್ನನ್ನು ಎಲ್ಲರೆದುರು ಬೈದರು. ಅವನು ನೆಲ ನೋಡಿದ. ನಾನು ಸೆರಗು ಸರಿಮಾಡಿಕೊಂಡೆ. ಮನೆಗೆ ಬಂದ ಮೇಲೆ ಅಮ್ಮ, “ಇವ್ಳೇ ಕೊಟ್ಟು ಕೆಡಿಸ್ದೋಳು” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಒಂದು ಮಾತು ಸಾಕಿತ್ತು ನನ್ನ ಬಾಯಿಂದ. ಬರಲಿಲ್ಲ.

ಒಂದು ತಿಂಗಳ ಮೇಲೆ ಉತ್ತಮಪಾಳಯಂ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ನೀನು ದಿಂಡುಕ್ಕಲ್ಲಿನಲ್ಲಿ ಬೇರೆ ಕೇಂದ್ರ ಹುಡುಕಿ ಅವನನ್ನು ಸೇರಿಸಿದ್ದೆ. ಮೂರು ಬಸ್ಸಿನ ದಾರಿ. ನಾನೂ ನೋಡಲು ಹೊರಟಿದ್ದೆ. ನೀನು ನನ್ನ ಮುಖ ನೋಡದೆ, ಬಾಳೆಗೊನೆ ಇಳಿಸುತ್ತಿದ್ದ ಲಾರಿಯನ್ನು ನೋಡುತ್ತಾ, ನಮ್ಮ ಕನ್ನಡದಲ್ಲಿ ಹೇಳಿದೆ: “ಅಕ್ಕಾ, ಪೊಟ್ಲ ಬ್ಯಾಡ. ನಾ ಯಾರ್ಗೂ ಹೇಳಾಕಿಲ್ಲ. ಅವ್ರು ತಿರುಗಿ ಬರಾಕ ಒಂದು ಮನೆ ಬೇಕಲ್ಲ.” ಬಸ್ಸು ಬಂತು. ನೀನು ತಮಿಳಿನಲ್ಲಿ “ವಾಂಗಕ್ಕಾ”, ಬನ್ನಿ ಅಕ್ಕಾ, ಎಂದು ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟೆ. ಅಷ್ಟೇ. ಮತ್ತೆಂದೂ ನನ್ನೊಡನೆ ಕನ್ನಡ ಆಡಲಿಲ್ಲ.

ಅವನು ತಿರುಗಿ ಬಂದ ಮೇಲಿನ ಆ ದಿನಗಳು. ಸಂಜೆ ಅವನ ಕೈ ನಡುಗಲು ಶುರುವಾದರೆ ನೀನು ಮೊರದ ತುಂಬ ಸಣ್ಣ ಈರುಳ್ಳಿ ತಂದು ಮುಂದಿಡುತ್ತಿದ್ದೆ, “ಬಿಡಿಸಿ” ಎನ್ನುತ್ತಿದ್ದೆ. ಅವನು ಅಳುತ್ತಿದ್ದ, ಈರುಳ್ಳಿಗೋ ಇನ್ನೇತಕ್ಕೋ ಯಾರೂ ಕೇಳಬೇಕಿರಲಿಲ್ಲ. ಪ್ರತಿ ಗುರುವಾರ ನೀನು ದಿಂಡುಕ್ಕಲ್ಲಿನ ಕೇಂದ್ರದಲ್ಲಿ ನಡೆಯುವ ಮನೆಯವರ ಸಭೆಗೆ ಹೋಗಿ, ಅಲ್ಲಿನ ಹೆಂಗಸರಿಂದ ಕಲಿತದ್ದನ್ನು ಮನೆಗೆ ತರುತ್ತಿದ್ದೆ. ಬೈಯಬಾರದು, ಕಾವಲು ಕೂರಬಾರದು, ಅವರ ಸುಳ್ಳನ್ನು ಮುಚ್ಚಿಡಬಾರದು. ಕೊನೆಯದನ್ನು ಹೇಳುವಾಗ ನೀನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಐದು ದಿನದ ಜ್ವರಕ್ಕೆ ನೀನು ಹೋದೆ. ನಿನ್ನನ್ನು ಅಂಗಳದಲ್ಲಿ ಮಲಗಿಸಿದಾಗಲೂ ಅಮ್ಮ ಸುಮ್ಮನಿರಲಿಲ್ಲ. ಬಂದ ಹೆಂಗಸರಿಗೆ, “ಕಟ್ಕೊಂಡ ಗಂಡಗೇ ಗಾಂಜಾ ಹೊತ್ತೋಳು, ಇರ್ಲಿ, ಹೋದ್ಲು” ಎಂದಳು. ಯಾಳಿನಿ ಕಂಬಕ್ಕೆ ಒರಗಿ ನಿಂತಿದ್ದಳು. ಹತ್ತು ವರ್ಷದ ನಿನ್ನ ಮಗಳಿಗೆ ನಮ್ಮ ಕನ್ನಡ ಚೆನ್ನಾಗಿ ಬರುತ್ತದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಕಳೆದ ವಾರ ದಿಂಡುಕ್ಕಲ್ಲಿನಿಂದ ಕರೆ ಬಂತು. ಚಟ ಬಿಟ್ಟು ನಿಂತವರು ಮನೆಯವರೊಂದಿಗೆ ಬಂದು ನಾಲ್ಕು ಮಾತು ಹೇಳಬೇಕಂತೆ. ರಂಗ ಮತ್ತೆ ಗಾಂಜಾದ ಸುದ್ದಿಗೇ ಹೋಗಿಲ್ಲ, ಸೆಲ್ವಿ. ನೀನು ಹೋದ ದಿನವೂ ಹೋಗಲಿಲ್ಲ. ಅವನು ಯಾಳಿನಿಗೆ, “ಅಮ್ಮನ ಫೋಟೋ ತಗೋ, ಕರ್ಕೊಂಡು ಹೋಗಾಣ” ಅಂದ. ಅವಳು ಕದಲಲಿಲ್ಲ. “ಅಮ್ಮನ್ನ ಯಾಕ? ಅಮ್ಮಾನೇ ತಾನೆ ಗಾಂಜಾ ಕೊಟ್ಟದ್ದು?”

ರಂಗ ನನ್ನ ಮುಖ ನೋಡಿದ. ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ನಮ್ಮ ಅಮ್ಮ ಬಾಗಿಲಲ್ಲಿದ್ದಳು, ಇರಲಿ ಎಂದುಕೊಂಡೆ. ಕ್ಯಾರಿಯರ್, ಪೊಟ್ಟಣ, ಇಟ್ಟ ಕೈ ಯಾರದು, ಬೈಗುಳ ತಿಂದವಳು ಯಾರು, ಎಲ್ಲ ಹೇಳಿದೆ. “ಕೇಳಿದ್ದು ನಾನೇ ಕಣಮ್ಮಾ” ಎಂದ ರಂಗ. ಅಮ್ಮ ಒಳಗೆ ಹೋದಳು, ಅವತ್ತು ಊಟಕ್ಕೂ ಬರಲಿಲ್ಲ.

ಯಾಳಿನಿ ಕೇಳಿದಳು: “ಅತ್ತೆ, ಅವತ್ತು ಎಲ್ಲಾರೂ ಅಮ್ಮನ ಬಾಯ್ಗೆ ಅಕ್ಕಿ ಹಾಕುದ್ರಲ್ಲ. ನಾ ಹಾಕ್ಲಿಲ್ಲ. ಈಗ ಏನ್ ಮಾಡ್ಲಿ?”

ಹೆಣಕ್ಕೆ ಹೆದರಿದ್ದಾಳೆ, ಮಗು ಎಂದು ಆ ದಿನ, ನಿನ್ನನ್ನು ಹೊರಡಿಸುವ ಮುನ್ನ ಬಾಯಿಗೆ ಅಕ್ಕಿ ಹಾಕುವ ಹೊತ್ತಿಗೆ, ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋದವಳು ನಾನೇ. ಅವಳು ಹೆದರಿರಲಿಲ್ಲ, ಸೆಲ್ವಿ. ನಿನ್ನ ಮೇಲೆ ಕೋಪ ಮಾಡಿಕೊಂಡಿದ್ದಳು.

ಅವಳು ಅತ್ತಳು, ನಿನ್ನ ಹೆಸರು ಹಿಡಿದು ಅತ್ತಳು, ನೀನು ಹೋಗಿ ಹನ್ನೊಂದು ತಿಂಗಳಾದ ಮೇಲೆ. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ. ನಿನ್ನ ಮಗಳು ಈಗ ನಿನ್ನವಳು.