ಪರದಿ ಹಿಂದ ನೋಡಿದ ಸಿನಿಮಾ

ಸಾಲಗುಂದ, ತಾ. ಸಿಂಧನೂರು
12-2-1967

ತಮ್ಮಾ ದ್ಯಾವಪ್ಪಾ,

ಹ್ಯಾಂಗ ಅದೀಯೋ? ಶಹಾಬಾದದ ಕಲ್ಲಿನ ಧೂಳಿಗೆ ಕೆಮ್ಮು ಹತ್ತೇತೇನು? ಬೆಲ್ಲ ತಿನ್ನು, ಬೀಡಿ ಸೇದಬ್ಯಾಡ. ಸೇದ್ತೀ ಅಂತ ಗೊತ್ತೈತಿ, ಆದರೂ ಅಕ್ಕ ಅಂದಮ್ಯಾಲೆ ಹೇಳಬೇಕಲ್ಲ. ಅವ್ವ ಆರಾಮ ಅದಾಳ. ಅಪ್ಪನ ಸುದ್ದಿ ಬರೀಬ್ಯಾಡ ಅಂದಿದ್ದಿ. ನಾ ಯಾವಾಗ ನಿನ್ನ ಮಾತು ಕೇಳೀನಿ?

ಮೊನ್ನಿ ಸೋಮವಾರ ಮಸ್ಕಿ ರಹಿಮಾನ್ ಸರಕಾರದ ಸಿನಿಮಾ ವ್ಯಾನ್ ತಂದಿದ್ದ. ಕಾಲುವಿ ನೀರಿಗೆ ಭತ್ತ ಹ್ಯಾಂಗ ನಾಟಬೇಕು ಅನ್ನೋದು ತೋರಿಸ್ತೀನಿ ಅಂತ ಅಪ್ಪನ ಕೈಲೆ ಡಂಗುರ ಹೊಡಿಸಿ, ರೀಲಿನ ಡಬ್ಬಿ ತಗದು ನೋಡಿದರ ಯಾವದೋ ಪರದೇಶದ ಸಿನಿಮಾ! ಕುಂತ ಮಂದಿ ಏಳಲಿಲ್ಲ, ಅದನ್ನೇ ಹಾಕಿದ. ಊರವರು ಪರದಿ ಮುಂದ, ನಾವು ಕೇರಿಯವರು ಪರದಿ ಹಿಂದ, ತಿಪ್ಪಿ ಮಗ್ಗಲ. ನಿನಗ ಗೊತ್ತಿದ್ದದ್ದೇ. ಅದರಾಗ ಒಬ್ಬ ಮುದುಕ, ಬರೇ ಎಲುವು, ಕಿರಸ್ತಾನರ ಗುಡಿ ಗಂಟಿ ಹೊಡಿಯಾವ. ಗಂಟಿ ಅವನದು, ಅವನ್ನ ಗುಡಿ ಒಳಗ ಮಾತ್ರ ಬಿಡಂಗಿಲ್ಲ. ಮನ್ಯಾಗ ಹಿಡಿ ಹಿಟ್ಟಿಲ್ಲ. ಮಗಾ ಸಿಟ್ಟಿಗೆದ್ದು ಗಂಟಿ ಹಗ್ಗ ಕೊಯ್ದ. ಮುದುಕ ಅವನ ಕಪಾಳಕ್ಕ ಹೊಡದ. ಭಾಷಾ ತಿಳಿಲಿಲ್ಲ, ಏಟು ತಿಳಿತು. ದೇವರ ಪಲ್ಲಕ್ಕಿ ಮುಂದ ಹಲಿಗಿ ಬಾರಸಂಗಿಲ್ಲ ಅಂತ ನೀ ನಿಂತಾಗ ಅಪ್ಪ ಹಿಂಗೇ ಹೊಡದು, “ಹಲಿಗಿ ಒಲ್ಲದಾವ ನನ್ನ ಹೊಸ್ತಿಲ ತುಳಿಬಾರದು” ಅಂದಿದ್ದನಲ್ಲ, ಎರಡು ವರ್ಷ ಆತು. ನಾ ಅಪ್ಪನ ಮಾರಿ ನೋಡಿದೆ. “ಥೂ, ಎಂಥಾ ಮಂದಿ! ಎಡಗೈಲೆ ಉಣ್ತಾರ, ದೇವರಿಗೂ ಎಡಗೈ! ಇಂಥವರ ಮಗಾ ಇನ್ನ ಹ್ಯಾಂಗಿರ್ತಾನ” ಅಂದು ಎದ್ದು ಹೋದ.

ವ್ಯಾನ್ ಕಾಲುವಿ ನೀರು ನಿಂತ ಎರಿ ಮಣ್ಣಿನ ಕೆಸರಿನ್ಯಾಗ ಹುಗದು ರಹಿಮಾನ್ ಇಲ್ಲೇ ಉಳದ. ಮರುದಿನ ಮುಂಜಾನಿ ನಮ್ಮ ಮನಿಗೆ ಚಾ ಕುಡಿಯಾಕ ಬಂದಾಗ ಅಪ್ಪ ಅದೇ ಮಾತು ತಗದ. ರಹಿಮಾನ್ ಬಿದ್ದು ಬಿದ್ದು ನಕ್ಕ. “ಕಾಕಾ, ಅವರೂ ಬಲಗೈಲೇ ಉಣ್ಣಾವರು. ನೀವು ಹಿಂದ ಕುಂತಿದ್ರಿ, ಎಡಾ ಬಲಾ ಉಲ್ಟಾ ಕಂಡೈತಿ.” ಅಪ್ಪನ ಕೈಯಾಗಿನ ಚಾ ಆರಿ ತಣ್ಣಗಾತು.

ಅವತ್ತು ಸಂಜಿಗೆ ಮತ್ತ ಅದೇ ಸಿನಿಮಾ. ಅಪ್ಪ ಅವ್ವನ್ನ, ನನ್ನ ಕರಕೊಂಡು ಸೀದಾ ಪರದಿ ಮುಂದ ಹೋಗಿ ಕುಂತ! ಯವ್ವಾ, ನಾ ಸೆರಗು ತಲಿ ತುಂಬ ಹೊದ್ದು ಅವ್ವನ ಮಗ್ಗಲ ಕುಂತೆ. “ಏಳಲೇ ಬಸ್ಸಪ್ಪಾ” ಅಂತ ಊರವರು ಅಪ್ಪಗ ಒದರಿದರು. “ನಿನ್ನಿ ಉಲ್ಟಾ ನೋಡೀನ್ರಿ, ಇವತ್ತು ಸೀದಾ ನೋಡ್ತೀನಿ” ಅಂದ ಅಪ್ಪ. ರಹಿಮಾನ್, “ಕಾಕಾ ಎದ್ದರ ಮಷೀನ್ ಬಂದ್” ಅಂದ. ಸಿನಿಮಾದ ಆಸೆಗೆ ಎಲ್ಲಾರೂ ಬಾಯಿ ಮುಚ್ಚಿದರು. ಮುದುಕ ಮಗಗ ಹೊಡಿಯೂದು ಬಂತು. ಬಲಗೈ, ತಮ್ಮಾ. ಅಪ್ಪ ತನ್ನ ಬಲಗೈ ತಿರುವಿ ನೋಡಕೋತ ಕುಂತ. ಅಷ್ಟು ಮಂದ್ಯಾಗ ಅತ್ತ. ನನಗೂ ತಡಕೊಳ್ಳಾಕ ಆಗಲಿಲ್ಲ.

ಅವ್ವ ನಿನ್ನ ತಲಿ ಮ್ಯಾಲೆ ಕೈ ಇಟ್ಟಾಳ ಅಂತ ತಿಳಕೋ.

ನಿನ್ನ ಅಕ್ಕ,
ಗ್ಯಾನಮ್ಮ

ತಾ.ಕ.: ಟಪಾಲಿನವ ನಿಂತಾನ, ಲಗೂನ ಬರೀತೀನಿ. ನಿನ್ನಿ ಊರವರು ಪಲ್ಲಕ್ಕಿ ಮುಂದ ಹಲಿಗಿ ಬಾರಿಸು ಅಂತ ಅಪ್ಪನ್ನ ಕರಿಯಾಕ ಬಂದಿದ್ದರು. ಅಪ್ಪ ಅವರ ಮುಂದೇ ಕುಡಗೋಲಿಲೆ ಹಲಿಗಿ ಹರದ. ಇವತ್ತು ಮುಂಜಾನಿಂದ ಊರಾಗ ನಮ್ಮನ್ನ ಯಾರೂ ಕೂಲಿಗೆ ಕರೀವಲ್ಲರು. ಅಪ್ಪಗ ಅದರ ಖಬರಿಲ್ಲ. ಸಿನಿಮಾ ನೋಡಿದಾಗಿಂದ ದಿನಾ ಬಸ್ಸು ಬರೂ ಹೊತ್ತಿಗೆ ಹೊಸ್ತಿಲ ಮ್ಯಾಲೆ ಕುಂದ್ರತಾನ. ಹೊಸ್ತಿಲ ಮ್ಯಾಲೆ ಕುಂದ್ರಬಾರದು ಅಂತ ಅವ್ವ ಬೈದರ, “ಅಂವ ತುಳದು ಒಳಗ ಬರಲಿ, ಆಮ್ಯಾಲೆ ಏಳ್ತೀನಿ” ಅಂತಾನ.