‘ದೀಪಗೃಹ’ದ ಟೇಪು

ಡೊಕ್ಕುಮ್,
18 ಫೆಬ್ರುವರಿ 2020

ಪ್ರೀತಿಯ ವೀಬೆ ಅಣ್ಣಾ,

‘ದೀಪಗೃಹದ ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ.’ ನಿನ್ನ ವಿಮರ್ಶೆಯಲ್ಲಿ ಹೀಗಿದೆ. ‘ಒಳಗೆ ಯಾರೋ ಇದ್ದಾರೆ’ ಎಂದಿರಲಿಲ್ಲವೇ? ಆ ಕಂಪ್ಯೂಟರ್ ಆಟದಲ್ಲಿ ನಾವು ಕಂಡದ್ದು ಅದೊಂದೇ ಸಾಲು; ಅದೂ ಇಬ್ಬರಲ್ಲಿ ಎರಡು ಥರ ಉಳಿದಿದೆ. ನಿನ್ನ ಮಂಡಿನೋವು ಹೇಗಿದೆ? ಬೆರ್ಗೆನ್‌ನ ಆ ಮೆಟ್ಟಿಲುಗಳನ್ನು ದಿನಕ್ಕೆ ಎರಡು ಸಲ ಹತ್ತಬೇಡ. ನಾನು ಚೆನ್ನಾಗಿಯೇ ಇರಬೇಕು. ಅಮ್ಮ ಹೋಗಿ ಐದು ವಾರವಾಯಿತು, ಅಳು ಬಂದಿಲ್ಲ. ಕಾಫಿ ಮಾಡಿಟ್ಟು ಮರೆತು, ತಣ್ಣಗಾದ ಮೇಲೆ ಕುಡಿಯುತ್ತೇನೆ. ಕವನದ ಪುಸ್ತಕ ತೆರೆದರೆ ಅಕ್ಷರಗಳು ಅಕ್ಷರಗಳಾಗಿಯೇ ಕೂತಿರುತ್ತವೆ.

ಹಳೆಯ ಕಂಪ್ಯೂಟರ್ ಆಟಗಳ ಬಗೆಗಿನ ನಿನ್ನ ಪುಸ್ತಕದ ಹಾಳೆಗಳನ್ನು ಪೂರ್ತಿ ಓದಿದೆ. ಜಗತ್ತೆಲ್ಲ ಆಡಿದ ಆಟಗಳಿಗಿಂತ, ಯಾರೂ ಕೇಳಿರದವುಗಳ ಬಗ್ಗೆ ನೀನು ಬರೆದದ್ದೇ ನನಗೆ ಹಿಡಿಸಿತು. ಹಾಲಿನ ಗಾಡಿ ಓಡಿಸುವ ಆಟದಲ್ಲಿ ಹಸುವಿಗೂ ಮರಕ್ಕೂ ಒಂದೇ ಚಿತ್ರ ಬಳಸಿದ್ದನ್ನು ನೀನು ಬೈಯದೆ ವಿವರಿಸಿದ್ದೀಯ. ಬೈದಿರುವುದು ಒಂದೇ ಕಡೆ, ಪಕ್ಕದ ಮನೆಯ ಊಸ್ಟಿಂಗ್ ಮೇಷ್ಟ್ರು ಬರೆದ ಆಟಕ್ಕೆ. ‘ದೀಪಗೃಹ, 1984. ನಮ್ಮೂರಿನ ಪುಟ್ಟ ರೇಡಿಯೋದಲ್ಲಿ ಒಮ್ಮೆ ಮಾತ್ರ ಪ್ರಸಾರವಾಯಿತು. ಮೂಲ ಟೇಪಿನ ಮೇಲೆ ರೇಡಿಯೋದವರು ಹಾಡು ತುಂಬಿಕೊಂಡರು. ಉಳಿದದ್ದು ನಮ್ಮ ಮನೆಯ ಪ್ರತಿ. ಬರೆದವರೇ ತಪ್ಪೊಪ್ಪಿಕೊಂಡ, ಎಂದೂ ಓಡದ ಆಟ.’ ಮಾರ್ಚ್ ಮೊದಲ ವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ, ಅಷ್ಟರಲ್ಲಿ ಟೇಪು ಸಿಕ್ಕರೆ ಫೋಟೋ ಕಳಿಸು ಎಂದು ನೀನು ಹೇಳಿದ್ದೆ. ಸಿಕ್ಕಿತು, ಅಮ್ಮನ ಹೊಲಿಗೆ ಡಬ್ಬಿಯಲ್ಲಿ, ಗುಂಡಿಗಳ ಕೆಳಗೆ.

ಆ ಶನಿವಾರ ನಿನಗೆ ನೆನಪಿದೆ ತಾನೇ? ರೇಡಿಯೋದಿಂದ ಟೇಪ್‌ರೆಕಾರ್ಡರಿಗೆ ಹಾಕುವ ವೈರು ನಮ್ಮಲ್ಲಿರಲಿಲ್ಲ. ರೇಡಿಯೋದಲ್ಲಿ ಬರುವ ಹನ್ನೊಂದು ನಿಮಿಷದ ಆ ಕಿರುಚಾಟವೇ ಆಟ; ಅದನ್ನು ಟೇಪಿಗೆ ಹಿಡಿದು ಕಂಪ್ಯೂಟರಿಗೆ ಕೇಳಿಸಬೇಕಿತ್ತು. ನಡುವೆ ಬೇರೆ ಸದ್ದು ಸೇರಿದರೆ ಕಂಪ್ಯೂಟರು ಅಲ್ಲೇ ನಿಂತುಬಿಡುತ್ತಿತ್ತು. ‘ಯಾರಾದ್ರೂ ಉಸಿರೆತ್ತಿದ್ರೆ ನೋಡಿ’ ಎಂದು ನೀನು ಮನೆಯವರನ್ನೆಲ್ಲ ಹೆದರಿಸಿದ್ದೆ. ‘ಸೀನು ಬಂದ್ರೆ ಅರ್ಜಿ ಕೊಡ್ಬೇಕೇನಪ್ಪಾ?’ ಎಂದು ಕೇಳಿದ ಅಪ್ಪ, ಕೈಯಲ್ಲಿದ್ದ ಬಿಸ್ಕತ್ತನ್ನು ಕಚ್ಚದೆ ಅಡುಗೆಮನೆಗೆ ಹೋದರು. ಯಾರೂ ಗಂಟೆ ಒತ್ತದಂತೆ ನೀನು ಬೀದಿಬಾಗಿಲಲ್ಲಿ ಕಾವಲು ನಿಂತೆ. ಮೈಕನ್ನು ರೇಡಿಯೋಗೆ ಹಿಡಿದು ಕೂರುವ ಕೆಲಸ ನನಗೆ ಬಂತು. ನನ್ನ ಹನ್ನೆರಡು ವರ್ಷದಲ್ಲಿ ನೀನು ನನ್ನನ್ನು ನಂಬಿ ಕೊಟ್ಟ ಮೊದಲ ಕೆಲಸ ಅದು.

ಉಣ್ಣೆಯ ಕಾಲುಚೀಲ ಬೇರೆ ಕಳಿಸಿದ್ದೇನೆ, ಅಮ್ಮ ಹೆಣೆದು ಮುಗಿಸಿದ ಕೊನೆಯ ಜೋಡಿ. ಹಾಕಿಕೊ, ಎತ್ತಿಡಬೇಡ.

ನಿನ್ನ ತಂಗಿ,
ಯಿತ್ಸ್ಕೆ

ತಾ.ಕ.: ಫೋಟೋ ಇಟ್ಟಿಲ್ಲ. ಆ ಪುಟ ಹಾಗೆಯೇ ಅಚ್ಚಾಗಬಾರದು. ನಿನ್ನೆ ಟೇಪನ್ನು ಕಂಪ್ಯೂಟರಿಗಲ್ಲ, ನನ್ನ ಕಿವಿಗೆ ಹಾಕಿಕೊಂಡೆ. ಏಳನೆಯ ನಿಮಿಷದಲ್ಲಿ, ಕಿರುಚಾಟದ ನಡುವೆ, ಒಂದು ಹುಡುಗಿಯ ದನಿ: ‘ಮುಗೀತಾ?’ ಅದು ನಾನು. ಕೇಳಿದ್ದು ಯಾರನ್ನೋ ಗೊತ್ತಿಲ್ಲ, ಕೈ ನೋಯುತ್ತಿತ್ತು. ಹಾಗೆ ಕೇಳಿದೆ ಎಂಬುದು ಆವತ್ತೇ ಗೊತ್ತಿತ್ತು, ಮೂವತ್ತಾರು ವರ್ಷ ಸುಮ್ಮನಿದ್ದೆ. ಆಟದಲ್ಲಿ ತಪ್ಪಿರಲಿಲ್ಲ ಎಂದು ತಿದ್ದು. ನನ್ನ ಹೆಸರು ಹಾಕು. ಮೇಷ್ಟ್ರಿಗೆ ಎಂಬತ್ತೊಂದು.

ಈಗಷ್ಟೇ ಅವರು ಬಟಾಣಿ ಸೂಪಿನ ಪಾತ್ರೆ ಹಿಡಿದು ಬಂದಿದ್ದರು. ಬಾಗಿಲಲ್ಲೇ ಎಲ್ಲ ಹೇಳಿದೆ. ಟೋಪಿಯನ್ನೂ ತೆಗೆಯದೆ ಕೇಳಿಸಿಕೊಂಡರು. ‘ಗೊತ್ತಿತ್ತಮ್ಮಾ. ವೀಬೆ ಟೇಪ್ ತಂದ ದಿನಾನೇ ಕೇಳಿಸ್ಕೊಂಡೆ. ತಪ್ಪು ನಂದೇ ಕಣಪ್ಪ ಅಂದ್ಬಿಟ್ಟೆ. ಇಲ್ದಿದ್ರೆ ಅವ್ನು ನಿನ್ ಜೊತೆ ಮಾತು ಬಿಡ್ತಿದ್ದ. ಇನ್ನೊಂದು ಆಟ ಬರೆದ್ರಾಯ್ತು ಅಂದ್ಕೊಂಡಿದ್ದೆ. ಬರೀಲಿಲ್ಲ, ಅಷ್ಟೆ. ಸೂಪ್ ಆರೋಗತ್ತೆ, ಒಳಗೆ ಹೋಗು.’