ಜೇನುಹುಳದಂಥ ಹೂವು

ವರ್ದಿಯಾ,

ಈಗ ಬೆಳಿಗ್ಗೆ ಏಳು ಗಂಟೆ. ನಸುಕಿನಲ್ಲೇ ಗುಡ್ಡ ಹತ್ತಿ ಈಗಷ್ಟೇ ಇಳಿದು ಬಂದೆ. ಅಂಜೂರದ ತೋಪಿನಾಚೆ ಗಸಗಸೆ ಹೂ ಕೆಂಪಗೆ ಹರಡಿದೆ. ಜೀರುಂಡೆಗಳು ಕೂಗಲು ಶುರುಮಾಡಿವೆ.

ನನ್ನ ಹೆಂಡತಿ ಜೂಹೆರ್ ಮಣ್ಣಿಗೆ ಹೋಗಿ ನಲವತ್ತು ದಿನ ಕಳೆದ ಮೇಲೆ ಅವಳ ತಿರುಗಾಟದ ಪುಸ್ತಕ ಓದಿದೆ. ಪ್ರತಿ ಬೇಸಿಗೆಯಲ್ಲೂ ನಿನ್ನ ಹೆಸರಿದೆ. 'ಹೂವನ್ನು ವರ್ದಿಯಾ ಮೊದಲು ಕಂಡಳು. ತುಂಬ ನಕ್ಕೆವು.' ನನ್ನ ಹೆಸರು ಒಂದೇ ಕಡೆ: 'ಅಕ್ಲಿ ಬರಲಿಲ್ಲ.' ನನ್ನೆದುರು ಅವಳು ಹಾಗೆ ನಕ್ಕಿದ್ದು ನೆನಪಿಲ್ಲ.

ನಿನ್ನೆ ಗುಡ್ಡದ ಬಂಡೆಯ ಬಳಿ ನನ್ನ ಕಾಲಡಿ ನೋಡಿ ನೀನು ಕೂಗಿದೆ: "ಏ ಅಕ್ಲಿ, ಕಣ್ಣು ಮನೇಲಿ ಬಿಟ್ಟು ಬಂದ್ಯೇನೋ? ಜೂಹೆರ್‌ಗೆ ಇಷ್ಟದ ಹೂ ಕಣೋ ಅದು!"

"ಜೇನುಹುಳ ಅಂದ್ಕೊಂಡು ತುಳಿದ್ಬಿಟ್ಟೆ ಕಣಕ್ಕ," ಅಂದೆ.

"ಹೋಗ್ಲಿ ಬಿಡು, ಮೊದಲ ಸಲ ಎಲ್ರೂ ಮೋಸ ಹೋಗ್ತಾರೆ," ಅಂದೆ ನೀನು.

ಅದು ಹೂವೆಂದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಅದರ ಚಿತ್ರ ಬಿಡಿಸಿ, ಕೆಳಗೆ 'ನಮ್ಮಿಬ್ಬರದು, ನನ್ನದು ಮತ್ತು ವರ್ದಿಯಾಳದು' ಎಂದು ಬರೆದಿದ್ದಾಳೆ.

ಇವತ್ತು ಅಂಥದ್ದೇ ಇನ್ನೊಂದನ್ನು ಹುಡುಕಿದೆ, ಸಿಗಲಿಲ್ಲ. ಅವು ಅರಳುವ ಜಾಗ ನಿನಗೊಬ್ಬಳಿಗೇ ಗೊತ್ತು. ನನ್ನನ್ನೂ ಕರೆದುಕೊಂಡು ಹೋಗು. ಬರುವಾಗ ನಿನ್ನ ಬಳಿ ಉಳಿದಿರುವ ಅವಳ ಭೂತಗನ್ನಡಿ ತಾ.

ನೀನು ಬಂದರೂ ಬರದಿದ್ದರೂ ನಾಳೆ ಬೆಳಗಿನ ಐದು ಗಂಟೆಗೆ ಊರ ಚಿಲುಮೆಯ ಹತ್ತಿರ ಇರುತ್ತೇನೆ.

ಅಕ್ಲಿ